ಡಿಫರ್ ಆಯ್ತು, ಈಗೇನು ಮಾಡೋದು?

ಡಿಸೆಂಬರ್ ಮಧ್ಯ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜ್ ಬರಲು ಶುರು. “ಅಕ್ಕಾ, ಮಗಳಿಗೆ ಕಾಲೇಜಿನಿಂದ ಡಿಫರ್ ಅಂತ ಬಂದಿದೆ. ಅಂದ್ರೆ ಇಲ್ಲ ಅಂತಾನಾ? ಈಗೇನು ಮಾಡ್ಬೇಕು?” ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಕನ್ನಡದ ಮನೆಗಳ ಮಕ್ಕಳು ಕಾಲೇಜಿಗೆ ಬರೆಯುವ ಎಸ್ಸೇಗಳನ್ನು ಓದಿ, ಎಲ್ಲಿ ಸಪ್ಪೆಯಾಗಿದೆ, ಎಲ್ಲಿ ಚೆನ್ನಾಗಿದೆ ಅಂತ ಹೇಳುವುದು ನನ್ನ ಹವ್ಯಾಸ. ದುಡ್ಡು ತಗೊಳ್ಳುವುದಿಲ್ಲ. ಹಾಗಾಗಿ ಕೇಳುವವರಿಗೇನೂ ಕಡಿಮೆಯಿಲ್ಲ.

ಚುಟುಕಾಗಿ ನನ್ನ ಉತ್ತರ ಇಷ್ಟು. ಡಿಫರ್ ಅಂದರೆ ಇಲ್ಲ ಅಂತಲ್ಲ. ಆದರೆ ಇಲ್ಲ ಅಂತಲೇ ಅಂದುಕೊಂಡು ಮುಂದಿನ ಎರಡು ವಾರ ಕೆಲಸ ಮಾಡಿ. ಡಿಫರ್ ಮಾಡಿದ ಕಾಲೇಜಿಗೆ ಜನವರಿ ಕೊನೆಯಲ್ಲಿ ಒಂದು ಕಾಗದ ಬರೆದರೆ ಸಾಕು. ಈಗ ಸಮಯ ಕೊಡಬೇಕಾದ್ದು ಉಳಿದ ಕಾಲೇಜುಗಳಿಗೆ.

ಇಷ್ಟಕ್ಕೆ ಯಾರಿಗೂ ಸಮಾಧಾನ ಆಗುವುದಿಲ್ಲ ಅಂತ ಗೊತ್ತು. ಬಿಡಿಸಿ ಹೇಳುತ್ತೇನೆ.

ಅಮೆರಿಕದಲ್ಲಿ ಹನ್ನೆರಡನೇ ತರಗತಿಯ ಮಕ್ಕಳು ಕಾಲೇಜುಗಳಿಗೆ ತಾವೇ ನೇರವಾಗಿ ಅರ್ಜಿ ಹಾಕುತ್ತಾರೆ. ಸಾಮಾನ್ಯ ಗಡುವು ಜನವರಿ ಮೊದಲ ವಾರ, ಉತ್ತರ ಮಾರ್ಚ್ ಕೊನೆಗೆ. ಅದಕ್ಕೂ ಮುಂಚೆ, ನವೆಂಬರ್ 1ರ ಸುಮಾರಿಗೆ, ಬೇಗ ಅರ್ಜಿ ಹಾಕುವ ದಾರಿಯೊಂದಿದೆ. ಅದರಲ್ಲಿ ಎರಡು ಬಗೆ. ಅರ್ಲಿ ಡಿಸಿಷನ್ ಅಂದರೆ ಸೀಟು ಕೊಟ್ಟರೆ ಬಂದೇ ಬರುತ್ತೇನೆ ಅಂತ ವಿದ್ಯಾರ್ಥಿ, ತಂದೆ ಅಥವಾ ತಾಯಿ, ಸ್ಕೂಲಿನ ಕೌನ್ಸೆಲರ್ ಮೂವರೂ ಸಹಿ ಹಾಕಿ ಕೊಡುವ ಮಾತು. ಅರ್ಲಿ ಆ್ಯಕ್ಷನ್‌ನಲ್ಲಿ ಆ ಕಟ್ಟುಪಾಡು ಇಲ್ಲ, ಉತ್ತರ ಮಾತ್ರ ಬೇಗ ಬರುತ್ತದೆ. ಡಿಸೆಂಬರ್ ಮಧ್ಯದಲ್ಲಿ ಕಾಲೇಜು ಹೂಂ ಅನ್ನಬಹುದು, ಊಹೂಂ ಅನ್ನಬಹುದು, ಇಲ್ಲವೇ “ನಿಮ್ಮ ಅರ್ಜಿಯನ್ನು ಜನವರಿಯವರ ಜೊತೆ ಸೇರಿಸಿ ಮತ್ತೆ ನೋಡುತ್ತೇವೆ” ಅನ್ನಬಹುದು. ಈ ಮೂರನೆಯದೇ ಡಿಫರ್.

ನಮ್ಮ ಪೀಳಿಗೆಯ ಅಪ್ಪ ಅಮ್ಮಂದಿರಿಗೆ ಇದು ಅರಗುವುದು ಕಷ್ಟ. ನಾವು ಸಿಇಟಿ ನೋಡಿದವರು. ರ್‍ಯಾಂಕ್ ಕೈಗೆ ಬಂದಿರುತ್ತಿತ್ತು, ಹೋದ ವರ್ಷ ಯಾವ ರ್‍ಯಾಂಕಿಗೆ ಯಾವ ಕಾಲೇಜು ಸಿಕ್ಕಿತ್ತು ಅಂತ ಪಟ್ಟಿ ಇರುತ್ತಿತ್ತು. ಈಗಿನ ಕೆಇಎ ಕೌನ್ಸೆಲಿಂಗ್‌ನಲ್ಲಿ ‘ಚಾಯ್ಸ್ 2’ ಅಂತ ಒಂದಿದೆಯಲ್ಲ, ಸಿಕ್ಕಿದ ಸೀಟನ್ನು ಹಿಡಿದುಕೊಂಡೇ ಮುಂದಿನ ಸುತ್ತಿನಲ್ಲಿ ಅದಕ್ಕಿಂತ ಒಳ್ಳೆಯದಕ್ಕೆ ಕಾಯುವುದು, ಡಿಫರ್ ಅಂದರೆ ಅದೇ ಅಂದುಕೊಂಡವರೂ ಇದ್ದಾರೆ. ಅಲ್ಲ. ಇಲ್ಲಿ ಕೈಯಲ್ಲಿ ಏನೂ ಇಲ್ಲ. ಎಷ್ಟು ಅಂಕ ಕಮ್ಮಿಯಾಯಿತು ಅಂತ ಹೇಳುವವರೂ ಇಲ್ಲ, ಯಾಕೆಂದರೆ ಕಮ್ಮಿ ಬಿದ್ದಿದ್ದು ಅಂಕ ಅಂತಲೇ ಹೇಳುವಂತಿಲ್ಲ.

ಹಾಗಾದರೆ ಯಾಕೆ ಡಿಫರ್ ಮಾಡುತ್ತಾರೆ? ಜನವರಿಯಲ್ಲಿ ಎಂಥವರು ಬರುತ್ತಾರೋ ನೋಡೋಣ ಅನ್ನುವುದು ಒಂದು ಕಾರಣ. ಹನ್ನೆರಡನೆಯ ಮೊದಲ ಸೆಮಿಸ್ಟರಿನ ಗ್ರೇಡ್ ನೋಡಿ ತೀರ್ಮಾನಿಸೋಣ ಅನ್ನುವುದು ಇನ್ನೊಂದು. ಕೆಲವು ಕಡೆ ಅದು ಬರೀ ರೂಢಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಎಲ್ಲ ಕಾಲೇಜಿನ ಡಿಫರ್‌ಗೂ ಒಂದೇ ಬೆಲೆಯಿಲ್ಲ.

2020ರ ಡಿಸೆಂಬರ್‌ನ ಹಾರ್ವರ್ಡ್ ಲೆಕ್ಕ ನೋಡಿ. ಬೇಗ ಅರ್ಜಿ ಹಾಕಿದವರು 10,086. ಸೀಟು ಸಿಕ್ಕಿದ್ದು 747 ಜನರಿಗೆ. ಡಿಫರ್ ಆದವರು ಎಂಟು ಸಾವಿರದಷ್ಟು! ಅಂದರೆ ಹತ್ತರಲ್ಲಿ ಎಂಟು. ನೇರವಾಗಿ ಬೇಡ ಅನ್ನಿಸಿಕೊಂಡವರೇ ಕಮ್ಮಿ. ಆ ವರ್ಷ ಒಟ್ಟು 57,435 ಅರ್ಜಿ ಬಂದು, ಕೊನೆಗೆ 1,968 ಜನರಿಗೆ ಸೀಟು ಕೊಟ್ಟರು. ಮೊದಲಿನ 747 ಕಳೆದರೆ ಉಳಿಯುವುದು 1,221 ಸೀಟು. ಅದಕ್ಕೆ ಕಾಯುತ್ತಿದ್ದವರು ಜನವರಿಯ 47 ಸಾವಿರ, ಜೊತೆಗೆ ಡಿಫರ್ ಆದ ಎಂಟು ಸಾವಿರ. ನೂರಕ್ಕೆ ಎರಡು ಚಿಲ್ಲರೆ. ಕೋವಿಡ್‌ನಿಂದಾಗಿ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆ ಕಡ್ಡಾಯವಲ್ಲ ಅಂದಿದ್ದ ವರ್ಷ ಅದು, ಅರ್ಜಿಗಳು ವಿಪರೀತ ಏರಿದ್ದವು, ನಿಜ. ಆದರೂ ಲೆಕ್ಕದ ರೀತಿ ಅರ್ಥವಾಯಿತಲ್ಲ?

ಎಂಐಟಿಯೂ ಬೇಗ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರನ್ನು ಡಿಫರ್ ಮಾಡುತ್ತದೆ. ಸ್ಟ್ಯಾನ್‌ಫರ್ಡ್ ಇದಕ್ಕೆ ಉಲ್ಟಾ. ಹೆಚ್ಚಿನವರಿಗೆ ಡಿಸೆಂಬರ್‌ನಲ್ಲೇ ಹೌದು ಅಥವಾ ಇಲ್ಲ ಅಂದುಬಿಡುತ್ತದೆ, ಡಿಫರ್ ಮಾಡುವುದು ಕೆಲವರನ್ನು ಮಾತ್ರ. ಯೇಲ್ ಕೂಡ ಈಚೆಗೆ ಬಹಳ ಜನಕ್ಕೆ ನೇರವಾಗಿ ಇಲ್ಲ ಅನ್ನುತ್ತದೆ. ಹಾಗಾಗಿ ಸ್ಟ್ಯಾನ್‌ಫರ್ಡ್‌ನಲ್ಲಿ ಡಿಫರ್ ಆದರೆ ಯಾರೋ ನಿಮ್ಮ ಮಗುವಿನ ಅರ್ಜಿಯನ್ನು ಇಷ್ಟಪಟ್ಟು ಉಳಿಸಿಕೊಂಡಿದ್ದಾರೆ ಅಂತ ಹೇಳಬಹುದು. ಎಲ್ಲರನ್ನೂ ಡಿಫರ್ ಮಾಡುವ ಕಡೆ ಹಾಗೆ ಹೇಳುವುದು ಕಷ್ಟ. ನಿಮ್ಮ ಕಾಲೇಜು ಎಷ್ಟು ಜನರನ್ನು ಡಿಫರ್ ಮಾಡುತ್ತದೆ, ಅವರಲ್ಲಿ ಮಾರ್ಚ್‌ನಲ್ಲಿ ಎಷ್ಟು ಜನರನ್ನು ತಗೊಳ್ಳುತ್ತದೆ, ಹುಡುಕಿ ನೋಡಿ. ಕೆಲವು ಕಾಲೇಜುಗಳು ತಾವೇ ಹೇಳುತ್ತವೆ, ಇಲ್ಲದಿದ್ದರೆ ಆ ಕಾಲೇಜಿನ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಸಿಗುತ್ತದೆ. ಪಾರ್ಟಿಯಲ್ಲಿ ಸಿಕ್ಕಿದ ಅಂಕಲ್ ಹೇಳಿದ ಲೆಕ್ಕ ಬೇಡ.

ಇನ್ನು ಅರ್ಲಿ ಡಿಸಿಷನ್‌ನಲ್ಲಿ ಡಿಫರ್ ಆದವರಿಗೆ ಒಂದು ಮಾತು, ಇದು ಬಹಳ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಆ ಸಹಿಯ ಕಟ್ಟುಪಾಡು ಅಲ್ಲಿಗೆ ಮುಗಿಯಿತು. ಮಾರ್ಚ್‌ನಲ್ಲಿ ಅವರು ಸೀಟು ಕೊಟ್ಟರೂ ಹೋಗಲೇಬೇಕು ಅಂತೇನಿಲ್ಲ. ಬೇರೆ ಕಡೆ ಅರ್ಲಿ ಡಿಸಿಷನ್ ಎರಡನೇ ಸುತ್ತಿಗೂ ಹಾಕಬಹುದು. ಷಿಕಾಗೊ ಯೂನಿವರ್ಸಿಟಿ, ವ್ಯಾಂಡರ್‌ಬಿಲ್ಟ್, ಎಮರಿ, ಟಫ್ಟ್ಸ್, ಜಾನ್ಸ್ ಹಾಪ್ಕಿನ್ಸ್, ನ್ಯೂಯಾರ್ಕ್ ಯೂನಿವರ್ಸಿಟಿ ಇಲ್ಲೆಲ್ಲ ಆ ಸುತ್ತು ಇದೆ. ಗಡುವು ಜನವರಿ ಶುರುವಿಗೆ, ಉತ್ತರ ಫೆಬ್ರವರಿಯಲ್ಲಿ. ಆದರೆ ಅಲ್ಲಿ ಸಿಕ್ಕಿದರೆ ಮೊದಲ ಕಾಲೇಜನ್ನು ಬಿಡಲೇಬೇಕು, ಉಳಿದ ಅರ್ಜಿಗಳನ್ನೆಲ್ಲ ವಾಪಸ್ ತಗೊಳ್ಳಬೇಕು. ಡಿಫರ್ ಆದ ಸಂಕಟದಲ್ಲಿ, ಎಲ್ಲೋ ಒಂದು ಕಡೆ ಆಗಿಬಿಡಲಿ ಅಂತ ಎರಡನೇ ಸುತ್ತಿಗೆ ನುಗ್ಗುವವರನ್ನು ನೋಡಿದ್ದೇನೆ. ಆ ಕಾಲೇಜು ನಿಜವಾಗಲೂ ಇಷ್ಟ ಇದ್ದರೆ ಮಾತ್ರ ಹಾಕಿ. ಕಾಲೇಜಿನ ವೆಬ್‌ಸೈಟಿನಲ್ಲಿ ಖರ್ಚು ಅಂದಾಜು ಮಾಡುವ ಕ್ಯಾಲ್ಕುಲೇಟರ್ ಇರುತ್ತದೆ, ಮೊದಲು ಅದರಲ್ಲಿ ನಿಮ್ಮ ಮನೆಯ ಲೆಕ್ಕ ಹಾಕಿ. ಬೇರೆ ಬೇರೆ ಕಾಲೇಜುಗಳ ಹಣಸಹಾಯವನ್ನು ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಈ ದಾರಿಯಲ್ಲಿ ಇರುವುದಿಲ್ಲ.

ಈಗ ಆ ಎರಡು ವಾರದ ವಿಷಯ. ಮೊದಲ ದಿನ ಮಗುವನ್ನು ಅದರ ಪಾಡಿಗೆ ಬಿಡಿ. ಅಳುವುದಿದ್ದರೆ ಅಳಲಿ, ರೂಮಿನ ಬಾಗಿಲು ಹಾಕಿಕೊಳ್ಳಲಿ. ಮಾರನೇ ದಿನ ಸ್ಕೂಲಿನ ಕೌನ್ಸೆಲರ್‌ಗೆ ಒಂದು ಇಮೇಲ್ ಹೋಗಲಿ. ಕ್ರಿಸ್ಮಸ್ ರಜೆ ಶುರುವಾದ ಮೇಲೆ ಅವರು ಸಿಗುವುದಿಲ್ಲ. ಮೊದಲ ಸೆಮಿಸ್ಟರಿನ ಗ್ರೇಡ್ ಕಳಿಸುವುದು ಅವರೇ, ಬೇರೆ ಕಾಲೇಜುಗಳಿಗೆ ಬೇಕಾದ ಕಾಗದಪತ್ರ ಕಳಿಸುವುದೂ ಅವರೇ. ಆಮೇಲೆ ಪಟ್ಟಿ ತೆಗೆದು ನೋಡಿ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗಳ ಗಡುವು ಡಿಸೆಂಬರ್ ಶುರುವಿಗೇ ಮುಗಿದಿರುತ್ತದೆ, ಅದು ಹೋಯಿತು. ಉಳಿದದ್ದರಲ್ಲಿ ಸೀಟು ಸಿಗುವ ಭರವಸೆ ಇರುವ ಎರಡು ಮೂರು ಕಾಲೇಜು ಇವೆಯಾ? ನಮ್ಮ ನ್ಯೂಜೆರ್ಸಿಯ ಸರ್ಕಾರಿ ಯೂನಿವರ್ಸಿಟಿ ರಟ್ಗರ್ಸ್ ಹೆಸರು ಎತ್ತಿದರೆ ನಮ್ಮವರು ಮೂಗು ಮುರಿಯುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಲ್ಲಿ ಓದಿ ಚೆನ್ನಾಗಿರುವವರು ನಮ್ಮ ಬೀದಿಯಲ್ಲೇ ಇದ್ದಾರೆ.

ಎಸ್ಸೇಗಳು ಕೆಡುವುದೂ ಇದೇ ಎರಡು ವಾರದಲ್ಲಿ. “ನಮ್ಮ ಕಾಲೇಜೇ ಯಾಕೆ?” ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಕಾಲೇಜಿಗೆ ಆಸೆಯಿಂದ ಬರೆದದ್ದನ್ನೇ ಹೆಸರು ಬದಲಿಸಿ ಹತ್ತು ಕಡೆ ಅಂಟಿಸುತ್ತಾರೆ. ಒಂದು ಕಡೆ ಹಳೆಯ ಹೆಸರು ಹಾಗೇ ಉಳಿದಿರುತ್ತದೆ. ಸುಮ್ನೆ ಹೇಳುತ್ತಿಲ್ಲ, ಪ್ರತಿ ವರ್ಷ ನೋಡುತ್ತೇನೆ. ಮನಸ್ಸು ಇನ್ನೂ ಅಲ್ಲೇ ಇದ್ದರೆ ಕೈ ಅದನ್ನೇ ಬರೆಯುತ್ತದೆ. ಅದಕ್ಕೇ ನಾನು ಡಿಸೆಂಬರ್‌ನಲ್ಲಿ ಡಿಫರ್ ಕಾಗದದ ಮಾತೇ ಎತ್ತಬೇಡಿ ಅನ್ನುವುದು.

ಆ ಕಾಗದ ಜನವರಿ ಕೊನೆಗೆ. ಬರೆಯುವ ಮುಂಚೆ ಕಾಲೇಜು ಕಳಿಸಿದ ಇಮೇಲನ್ನು ಇನ್ನೊಂದು ಸಲ ಓದಿ. ಕೆಲವರು ಪೋರ್ಟಲ್‌ನಲ್ಲಿ ಒಂದು ಫಾರ್ಮ್ ಇಟ್ಟಿರುತ್ತಾರೆ. ಎಂಐಟಿಯಲ್ಲಿ ಫೆಬ್ರವರಿಯ ಫಾರ್ಮ್ ಅಂತಲೇ ಇದೆ, ಅದರಲ್ಲೇ ತುಂಬಬೇಕು. ಕೆಲವರು ಕಾಗದ ಬರೆಯಿರಿ ಅನ್ನುತ್ತಾರೆ. ಏನೂ ಕಳಿಸಬೇಡಿ ಅನ್ನುವವರಿಗೆ ಏನೂ ಕಳಿಸಬೇಡಿ. ಇದು ಇಷ್ಟು ಸರಳ, ಆದರೂ ಮೀರುವವರೇ ಜಾಸ್ತಿ.

ಒಬ್ಬ ಹುಡುಗಿಯ ಮೊದಲ ಕರಡು ಹೀಗಿತ್ತು, ಕನ್ನಡದಲ್ಲಿ ಹೇಳುತ್ತೇನೆ: “ನಿಮ್ಮ ಕಾಲೇಜು ನನ್ನ ಬಾಲ್ಯದ ಕನಸು. ಡಿಫರ್ ಆಗಿದ್ದು ತುಂಬಾ ನೋವಾಯಿತು. ಆದರೂ ನನ್ನ ಛಲ ಕುಗ್ಗಿಲ್ಲ.” ಮುಕ್ಕಾಲು ಪುಟ ಇದೇ. ಅಪ್ಪನ ಕೈ ಆಡಿದೆ ಅಂತ ಛಲ ಅನ್ನುವ ಕಡೆಯೇ ಗೊತ್ತಾಯಿತು. ನವೆಂಬರ್ ಆದಮೇಲೆ ಏನೇನು ಮಾಡಿದೆ ಅಂತ ಕೇಳಿದೆ. “ಏನೂ ಇಲ್ಲ ಆಂಟಿ” ಅಂದಳು. ಚಹಾ ಕುಡಿಯುತ್ತಾ ಮಾತಾಡಿದರೆ ಒಂದೊಂದೇ ಹೊರಗೆ ಬಂತು. ಜನವರಿ ಮೊದಲ ವಾರ ರೊಬಾಟಿಕ್ಸ್ ಸ್ಪರ್ಧೆಯ ಆಟ ಪ್ರಕಟವಾಗಿತ್ತು. ಇವರ ತಂಡದಲ್ಲಿ ವೈರಿಂಗ್ ಇವಳದು. ಹೋದ ವರ್ಷ ಆಟದ ಮಧ್ಯೆ ಒಂದು ಕನೆಕ್ಟರ್ ಕಳಚಿ ರೋಬೋ ನಿಂತುಬಿಟ್ಟಿತ್ತು. ಈ ವರ್ಷ ಪ್ರತಿ ವೈರಿಗೂ ಎರಡು ತುದಿಯಲ್ಲಿ ಚೀಟಿ ಅಂಟಿಸಿ, ಒಂಬತ್ತನೇ ತರಗತಿಯ ಇಬ್ಬರಿಗೆ ಕೆಟ್ಟದ್ದನ್ನು ಹುಡುಕುವುದು ಹೇಗೆ ಅಂತ ಕಲಿಸುತ್ತಿದ್ದಳು. ಭಾನುವಾರ ಕನ್ನಡ ಶಾಲೆಯಲ್ಲಿ ಚಿಕ್ಕವರಿಗೆ ಒತ್ತಕ್ಷರ ಹೇಳಿಕೊಡುವ ಕೆಲಸ ಬೇರೆ ಸಿಕ್ಕಿತ್ತು.

ಎರಡನೆಯ ಕರಡಿನಲ್ಲಿ ನೋವು, ಛಲ ಎರಡೂ ಇರಲಿಲ್ಲ. ಈಗಲೂ ನೀವೇ ನನ್ನ ಮೊದಲ ಆಯ್ಕೆ, ಸೀಟು ಕೊಟ್ಟರೆ ಖಂಡಿತ ಬರುತ್ತೇನೆ ಅಂತ ಒಂದು ಸಾಲು. ಅದು ನಿಜವಾಗಿದ್ದರಿಂದ ಬರೆದಳು, ಅಲ್ಲದಿದ್ದರೆ ಬರೆಯಬಾರದು. ಆಮೇಲೆ ವೈರು, ಚೀಟಿ, ಆ ಇಬ್ಬರು ಮಕ್ಕಳು. ಮೊದಲ ಸೆಮಿಸ್ಟರಿನ ಗ್ರೇಡ್. ಅಲ್ಲಿನ ಯಾವ ಲ್ಯಾಬಿನಲ್ಲಿ ಇಂಥದ್ದೇ ಕೆಲಸ ನಡೆಯುತ್ತದೆ, ಅಲ್ಲಿ ತಾನು ಏನು ಕಲಿಯಬೇಕೆಂದಿದ್ದೇನೆ ಅಂತ ನಾಲ್ಕು ಸಾಲು. ವಂದನೆ. ಒಂದು ಪುಟವೂ ತುಂಬಲಿಲ್ಲ. ಓದಿದರೆ ಅವಳೇ ಎದುರು ಕೂತು ಮಾತಾಡಿದ ಹಾಗಿತ್ತು.

ಹೊಸ ಶಿಫಾರಸು ಪತ್ರಗಳ ಕಟ್ಟು, ಪರಿಚಯದ ಹಳೆಯ ವಿದ್ಯಾರ್ಥಿಯಿಂದ ಫೋನು, ವಾರಕ್ಕೊಂದು ಇಮೇಲ್, ಇವು ಯಾವುವೂ ಬೇಡ. ಅಪ್ಪ ಅಮ್ಮ ಅಡ್ಮಿಷನ್ ಆಫೀಸಿಗೆ ಫೋನ್ ಮಾಡುವುದಂತೂ ಬೇಡವೇ ಬೇಡ. ಡಿಸೆಂಬರ್‌ನಲ್ಲಿ ದಿಢೀರನೆ ಎದ್ದು ಬರುವ, ಡಿಫರ್ ಆದವರಿಗೆ ವಿಶೇಷ ಪ್ಯಾಕೇಜ್ ಕೊಡುತ್ತೇವೆ ಅನ್ನುವ ಕನ್ಸಲ್ಟೆಂಟ್‌ಗಳಿಗೆ ಸುರಿಯುವ ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ. ಹೆದರಿದವರ ಹತ್ತಿರ ವ್ಯಾಪಾರ ಸುಲಭ.

ಮನೆಯೊಳಗಿನದು ಇನ್ನೂ ಕಷ್ಟ. ಕ್ಲಾಸ್‌ಮೇಟ್‌ಗಳು ಕಾಲೇಜಿನ ಟೀಶರ್ಟ್ ಹಾಕಿಕೊಂಡು ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕುತ್ತಾರೆ. ಹೊಸ ವರ್ಷದ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುವಾಗಲೇ ಯಾರೋ ಕೇಳುತ್ತಾರೆ, “ಎಲ್ಲಾಯ್ತು ಪುಟ್ಟಾ?” ಮೈಸೂರಿನಿಂದ ಅಜ್ಜಿ ವಿಡಿಯೋ ಕಾಲ್ ಮಾಡಿ “ಸೀಟು ಸಿಕ್ತಾ ಕಂದಾ?” ಅನ್ನುತ್ತಾರೆ. ಅಜ್ಜಿಗೆ ಮೊದಲೇ ನೀವು ಹೇಳಿಬಿಡಿ, ಮಗು ಹೇಳುವ ಹಾಗಾಗಬಾರದು. “ಮಾರ್ಚ್ ಕೊನೆಗೆ ಗೊತ್ತಾಗತ್ತೆ ಅಮ್ಮ, ಅಲ್ಲೀವರೆಗೆ ಕೇಳ್ಬೇಡಿ” ಅಂದರೆ ಅವರಿಗೆ ಅರ್ಥವಾಗುತ್ತದೆ. ಪಾಟ್‌ಲಕ್‌ನವರಿಗೆ ಅರ್ಥವಾಗುವುದಿಲ್ಲ. ಆ ದಿನ ಮಗು ಬರುವುದಿಲ್ಲ ಅಂದರೆ ಬಲವಂತ ಮಾಡಬೇಡಿ. ಊಟದ ಹೊತ್ತಲ್ಲಿ ದಿನಾ ಇದೇ ಮಾತೂ ಬೇಡ. ಭಾನುವಾರ ಅರ್ಧ ಗಂಟೆ ಅಂತ ಇಟ್ಟುಕೊಂಡ ಮನೆಗಳಲ್ಲಿ ಜಗಳ ಕಮ್ಮಿಯಾಗಿದ್ದು ನೋಡಿದ್ದೇನೆ. ದಿನಗಟ್ಟಲೆ ನಿದ್ದೆ ಊಟ ಬಿಟ್ಟರೆ ಮಾತ್ರ ತಡ ಮಾಡದೆ ಸ್ಕೂಲಿನ ಕೌನ್ಸೆಲರ್‌ಗೋ ಡಾಕ್ಟರಿಗೋ ಹೇಳಿ.

ಗ್ರೇಡ್ ಮಾತ್ರ ಬೀಳಬಾರದು. ಅರ್ಜಿ ಎಲ್ಲ ಮುಗಿಯಿತಲ್ಲ ಅಂತ ಫೆಬ್ರವರಿಯಲ್ಲಿ ಕ್ಯಾಲ್ಕ್ಯುಲಸ್ ಬಿಟ್ಟು ಸುಲಭದ ಸಬ್ಜೆಕ್ಟ್ ತಗೊಳ್ಳುವ ಮಕ್ಕಳಿದ್ದಾರೆ. ಅದೂ ಕಾಲೇಜಿಗೆ ಗೊತ್ತಾಗುತ್ತದೆ.

“ಕೊನೆಗೆ ಆ ಹುಡುಗಿಗೆ ಸಿಕ್ತಾ?” ಅಂತ ಕೇಳುತ್ತೀರಿ. ಇಲ್ಲ. ಅಷ್ಟು ಒಳ್ಳೆಯ ಕಾಗದ ಬರೆದೂ ಮಾರ್ಚ್‌ನಲ್ಲಿ ಇಲ್ಲ ಅಂತ ಬಂತು. ಆದರೆ ಡಿಸೆಂಬರ್ ರಜೆಯಲ್ಲಿ ಕೂತು ಬರೆದ ಅರ್ಜಿಗಳಲ್ಲಿ ಮೂರು ಕಡೆ ಸೀಟು ಬಂದಿತ್ತು. ಏಪ್ರಿಲ್‌ನಲ್ಲಿ ಅಪ್ಪ ಮಗಳು ಎರಡು ಕಾಲೇಜಿಗೆ ಕಾರಿನಲ್ಲಿ ಹೋಗಿ ನೋಡಿ ಬಂದರು, ಮೇ 1ರ ಗಡುವಿನೊಳಗೆ ಒಂದಕ್ಕೆ ಡಿಪಾಸಿಟ್ ಕಟ್ಟಿದರು. ಮೂರನೆಯದನ್ನು ಯಾಕೆ ನೋಡಲಿಲ್ಲ ಅಂದರೆ, ಅಲ್ಲಿ ಚಳಿ ಜಾಸ್ತಿಯಂತೆ.

ವೇಟ್‌ಲಿಸ್ಟ್ ಆದರೆ ಏನು ಮಾಡುವುದು ಅಂತಲೂ ಕೇಳುತ್ತೀರಿ. ಅದರ ಲೆಕ್ಕ ಬೇರೆ. ಏಪ್ರಿಲ್‌ನಲ್ಲಿ ಬರೆಯುತ್ತೇನೆ.