ನಾಯಿ ಊಟ ಬಿಟ್ಟಿದೆ, ಏನು ಕೊಡಲಿ?

ಏನೂ ಕೊಡಬೇಡಿ. ಇದೇ ನನ್ನ ಉತ್ತರ.

ನಮ್ಮ ಮನೆಯಲ್ಲಿ ಹನ್ನೆರಡು ವರ್ಷಗಳಿಂದ ನಾಯಿಗಳಿವೆ. ಬೀದಿಯಲ್ಲಿ ಸಿಕ್ಕಿದ್ದು, ಮನೆ ಖಾಲಿ ಮಾಡಿದವರು ಬಿಟ್ಟು ಹೋಗಿದ್ದು, ಹೀಗೆ. ಹಾಗಾಗಿ ಬಡಾವಣೆಯಲ್ಲಿ ಯಾರ ನಾಯಿಗೆ ಹುಷಾರು ತಪ್ಪಿದರೂ ಫೋನ್ ನನಗೆ ಬರುತ್ತದೆ. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ರಾತ್ರಿ ಹತ್ತೂವರೆಗೆ ಶುರು. "ಅಕ್ಕ, ನಮ್ಮ ಟಾಮಿ ಊಟ ಬಿಟ್ಟಿದೆ, ಏನು ಕೊಡಲಿ?" ಯಾವಾಗಿನಿಂದ ಎಂದು ಕೇಳಿದರೆ, "ಮೂರು ದಿನ ಆಯ್ತು." ವಾಂತಿ? "ಒಂದೆರಡು ಸಲ." ಉಚ್ಚೆ ಸರಿಯಾಗಿ ಹೊಯ್ಯುತ್ತಿದೆಯಾ ಎಂದರೆ ಆ ಕಡೆ ಮಾತೇ ಇಲ್ಲ. ಆಮೇಲೆ ಮನೆಯೊಳಗೆ ಕೂಗಿ ಕೇಳುತ್ತಾರೆ, "ಏ, ಟಾಮಿ ಇವತ್ತು ಸೂಸು ಮಾಡ್ತಾ?" ಒಳಗಿನಿಂದ ಯಾರೋ ಅಷ್ಟೇ ಜೋರಾಗಿ, "ನಂಗೇನ್ ಗೊತ್ತು! ನೀವೇ ಅಲ್ವಾ ಕರ್ಕೊಂಡ್ ಹೋಗೋದು?"

ನಾಯಿ ಮೇಲೆ ಪ್ರೀತಿ ಇಲ್ಲದೆ ಇವರು ಫೋನ್ ಮಾಡುವುದಿಲ್ಲ, ಅದು ನನಗೆ ಗೊತ್ತು. ಆದರೂ ಆ "ಏನು ಕೊಡಲಿ" ಕೇಳಿದ ತಕ್ಷಣ ನನಗೆ ಸಿಟ್ಟು ಬರುತ್ತದೆ. ಏನಾಗಿದೆ ಎಂದು ನೋಡುವ ಮೊದಲೇ ಕೈ ಮಾತ್ರೆ ಡಬ್ಬಕ್ಕೆ ಹೋಗಿರುತ್ತದೆ. ನಾಯಿಯ ಮೈ ಮುಟ್ಟಿ ನೋಡಿ, ಬಿಸಿ ಇದೆ, ಜ್ವರ ಅನ್ನುತ್ತಾರೆ. ನಾಯಿಯ ಮೈ ಯಾವಾಗಲೂ ನಮಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡದೆ ಜ್ವರ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ನಮ್ಮ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್ ಹೋಗುತ್ತದೆ. ಅರ್ಧ ಮಾತ್ರೆ ತಾನೇ ಎಂದು ಬೆಲ್ಲದಲ್ಲಿ ಸುತ್ತಿ ತಿನ್ನಿಸಬೇಡಿ, ದಯವಿಟ್ಟು.

ಇನ್ನೊಂದು ಮಾತು, "ನೋವಿದ್ರೆ ಕೂಗ್ತಿತ್ತಲ್ವಾ?" ಕಾಲು ತುಳಿದರೆ ಕೂಗುತ್ತದೆ, ನಿಜ. ಒಳಗಿನ ನೋವಿಗೆ ಎಷ್ಟೋ ನಾಯಿಗಳು ಕೂಗುವುದೇ ಇಲ್ಲ. ಸುಮ್ಮನೆ ಒಂದು ಮೂಲೆ ಹಿಡಿದು ಮಲಗುತ್ತವೆ. ನೀವು ಹೆಸರು ಹಿಡಿದು ಕರೆದರೆ ಮಲಗಿದಲ್ಲಿಂದಲೇ ಬಾಲ ಆಡಿಸುತ್ತವೆ. ಬಾಲ ಆಡಿಸಿತಲ್ಲ, ಚೆನ್ನಾಗಿದೆ ಎಂದುಕೊಂಡು ನಾವು ಕೆಲಸಕ್ಕೆ ಹೋಗುತ್ತೇವೆ. ನಾನೂ ಹೋಗಿದ್ದೇನೆ. ಅದನ್ನು ಹೇಳದೆ ಉಳಿದದ್ದನ್ನು ಹೇಳುವುದು ಸರಿಯಲ್ಲ.

ಕೆಂಪಿಗೆ ಆಗ ಏಳು ವರ್ಷ. ನಾಟಿ ನಾಯಿ, 16 ಕೆಜಿ. ಏಪ್ರಿಲ್ ತಿಂಗಳು, ಮೈಸೂರಿನಲ್ಲೂ ಬಿಸಿಲು ಚೆನ್ನಾಗಿಯೇ ಇತ್ತು. ಅವಳು ನೀರು ಜಾಸ್ತಿ ಕುಡಿಯುತ್ತಿದ್ದಾಳೆ ಎಂದು ಮೊದಲು ಹೇಳಿದ್ದು ಅಮ್ಮ. "ಇವತ್ತು ಎರಡು ಸಲ ಬೇಸಿನ್ ತುಂಬ್ಸಿದೀನಿ ಕಣೇ." ಬೇಸಿಗೆ ಅಲ್ವಾ ಅಮ್ಮ ಎಂದೆ. ಮಾರನೇ ದಿನವೂ ಅಮ್ಮ ಅದನ್ನೇ ಹೇಳಿದರು. ನಾನೂ ಅದನ್ನೇ ಹೇಳಿದೆ. ಆ ಬೇಸಿನ್ ಹಿಡಿಯುವುದು ಒಂದೂವರೆ ಲೀಟರ್. ನಾಯಿ ದಿನಕ್ಕೆ ಒಂದು ಕೆಜಿ ತೂಕಕ್ಕೆ 100 ಮಿಲಿಗಿಂತ ಜಾಸ್ತಿ ನೀರು ಕುಡಿದರೆ ಅದು ಸಹಜವಲ್ಲ ಎಂದು ಆಮೇಲೆ ತಿಳಿಯಿತು. 16 ಕೆಜಿಯ ಕೆಂಪಿಗೆ 1.6 ಲೀಟರ್. ಅವಳು ಮೂರು ಲೀಟರ್ ಕುಡಿಯುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ಹಾಲ್‌ನಲ್ಲಿ ಉಚ್ಚೆ ಹೊಯ್ದಿದ್ದಳು. ಮರಿಯಾಗಿದ್ದಾಗ ಬಿಟ್ಟರೆ ಏಳು ವರ್ಷದಲ್ಲಿ ಮನೆಯೊಳಗೆ ಒಂದು ಹನಿ ಬಿಟ್ಟವಳಲ್ಲ. ನಾನು ಬೈದೆ. ಜೋರಾಗಿಯೇ ಬೈದೆ, ಆಫೀಸಿಗೆ ಹೊತ್ತಾಗಿತ್ತು. ಕಿವಿ ಹಿಂದಕ್ಕೆ ಮಡಚಿಕೊಂಡು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮಲಗಿದಳು. ಅವಳು ಎಂದೂ ಮಲಗದ ಜಾಗ ಅದು.

ಆ ಸಂಜೆ ಮೊಸರನ್ನ ಮೂಸಿ ಬಿಟ್ಟಳು. ಆಗ ನನಗೆ ಭಯವಾಯಿತು. ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರ್ ಕೇಳಿದ್ದು ಮೂರೇ ಪ್ರಶ್ನೆ. ನೀರು ಎಷ್ಟು ಕುಡಿಯುತ್ತಿದೆ? ಮಾಮೂಲಿ ತೂಕ ಎಷ್ಟು? ಕೊನೆಯ ಸಲ ಹೀಟ್‌ಗೆ, ಅಂದರೆ ಬೆದೆಗೆ, ಬಂದಿದ್ದು ಯಾವಾಗ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಸಿನ್ ಅಳತೆಯನ್ನೂ ನಾನು ತಿಳಿದುಕೊಂಡಿದ್ದು ಆಮೇಲೆಯೇ. ನಮ್ಮ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಸಿಲಿಂಡರ್ ಬದಲಾಯಿಸಿದ ದಿನ ಇದೆ, ಹಾಲು ತಗೊಳ್ಳದ ದಿನ ಇದೆ, ಕೆಲಸದವರ ರಜೆ ಇದೆ. ಕೆಂಪಿ ಹೀಟ್‌ಗೆ ಬಂದ ದಿನ ಇಲ್ಲ. ಫೆಬ್ರವರಿ ಕೊನೆ ಇರಬೇಕು ಎಂದು ಅಮ್ಮ ಫೋನಿನಲ್ಲಿ ನೆನಪು ಮಾಡಿಕೊಂಡು ಹೇಳಿದರು.

ಸ್ಕ್ಯಾನ್ ಮಾಡಿದರು. ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ ಅನ್ನುತ್ತಾರೆ. ಸಂತಾನಹರಣ ಆಪರೇಷನ್ ಆಗದ, ವಯಸ್ಸಾಗುತ್ತಿರುವ ಹೆಣ್ಣು ನಾಯಿಗಳಿಗೆ, ಹೀಟ್ ಮುಗಿದು ಕೆಲವು ವಾರಗಳಾದ ಮೇಲೆ ಬರುವುದು ಹೆಚ್ಚು. ಬ್ಯಾಕ್ಟೀರಿಯಾದ ವಿಷ ಕಿಡ್ನಿಯ ಕೆಲಸ ಕೆಡಿಸುತ್ತದೆ. ಉಚ್ಚೆ ಜಾಸ್ತಿ ಆಗುತ್ತದೆ, ಅದಕ್ಕೇ ಅಷ್ಟು ಬಾಯಾರಿಕೆ. ಕೆಲವು ನಾಯಿಗಳಿಗೆ ಕೀವು ಹೊರಗೆ ಬರುತ್ತದೆ, ಅವೇ ನೆಕ್ಕಿಕೊಂಡು ಬಿಡುವುದರಿಂದ ನಮಗೆ ಕಾಣುವುದಿಲ್ಲ. ಕೆಂಪಿಗೆ ಗರ್ಭಕೋಶದ ಬಾಯಿ ಮುಚ್ಚಿತ್ತು. ಅದು ಇನ್ನೂ ಅಪಾಯ. ಒಳಗೇ ಒಡೆದರೆ ಮುಗಿಯಿತು. ಆ ರಾತ್ರಿಯೇ ಆಪರೇಷನ್ ಆಯಿತು. ಬದುಕಿಕೊಂಡಳು.

"ಒಂದು ಸಲ ಮರಿ ಹಾಕ್ಲಿ, ಆಮೇಲೆ ಆಪರೇಷನ್ ಮಾಡ್ಸಿ" ಎಂದು ನನಗೆ ಹೇಳದವರಿಲ್ಲ. ನಾನು ಆ ಮಾತು ಕೇಳಿ ಕಾದೆ. ಮರಿ ಹಾಕಿದ ಮಾತ್ರಕ್ಕೆ ಈ ಕಾಯಿಲೆ ತಪ್ಪುವುದಿಲ್ಲ. ಗರ್ಭಕೋಶ ತೆಗೆಸಿದರೆ ತಪ್ಪುತ್ತದೆ.

ನನ್ನನ್ನು ಜನ ಕೇಳಬೇಕಿರುವುದು ಬೇರೆ ಪ್ರಶ್ನೆ. ನಾಯಿ ಚೆನ್ನಾಗಿರುವಾಗ ಏನೇನು ನೋಡಿಟ್ಟುಕೊಳ್ಳಬೇಕು? ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಫೋನಿನಲ್ಲಿ ಒಂದು ಗಂಟೆ ಬೇಕಾದರೂ ಮಾತಾಡುತ್ತಿದ್ದೆ.

ಇವತ್ತು ರಾತ್ರಿ ನಿಮ್ಮ ನಾಯಿ ನಿದ್ದೆ ಹೋದಾಗ ಪಕ್ಕದಲ್ಲಿ ಕೂತು ಉಸಿರು ಎಣಿಸಿ. ಪಕ್ಕೆ ಏರಿ ಇಳಿದರೆ ಒಂದು. ನಿಮಿಷಕ್ಕೆ 30ರ ಒಳಗಿರಬೇಕು. ವಯಸ್ಸಾದ ನಾಯಿಗೆ ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೃದಯದ ತೊಂದರೆ ಇರಬಹುದು. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಗಾಗಬೇಕು. ನಮ್ಮ ನಾಟಿ ನಾಯಿಗಳಲ್ಲಿ ಎಷ್ಟೋ ಸಲ ಒಸಡು ಕಪ್ಪಗಿರುತ್ತದೆ. ಅಂಥವುಗಳ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಗಿನ ಬಣ್ಣ ನೋಡಬಹುದು. ಮೂಗು ಮುಟ್ಟಿ ನೋಡುವುದನ್ನು ಬಿಡಿ, ಚೆನ್ನಾಗಿರುವ ನಾಯಿಗೂ ಮಲಗಿ ಎದ್ದಾಗ ಮೂಗು ಒಣಗಿರುತ್ತದೆ. ತಿಂಗಳಿಗೊಮ್ಮೆ ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆದು ಬರೆದಿಡಿ. ಕ್ಯಾಲೆಂಡರ್‌ನಲ್ಲಿ ಜಾಗ ಇದ್ದೇ ಇರುತ್ತದೆ.

ಇವೆಲ್ಲ ಗೊತ್ತಿದ್ದರೆ ವ್ಯತ್ಯಾಸ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆದರೆ ಕೆಲವಕ್ಕೆ ಇಷ್ಟೆಲ್ಲ ಲೆಕ್ಕ ಹಾಕುತ್ತಾ ಕೂರಬೇಡಿ, ನನಗೂ ಫೋನ್ ಮಾಡಬೇಡಿ, ಗಾಡಿ ತೆಗೆಯಿರಿ. ಹೊಟ್ಟೆ ಉಬ್ಬಿ, ವಾಂತಿ ಬರುವ ಹಾಗೆ ಮಾಡಿಯೂ ಏನೂ ಬರದಿದ್ದರೆ. ಎಷ್ಟು ತಿಣುಕಿದರೂ ಉಚ್ಚೆ ಬಾರದಿದ್ದರೆ. ಒಸಡು ಬೆಳ್ಳಗೋ ನೀಲಿಯೋ ಆಗಿದ್ದರೆ. ಮರಿ ರಕ್ತ ಭೇದಿ ಮಾಡುತ್ತಿದ್ದರೆ. ಫಿಟ್ಸ್ ಐದು ನಿಮಿಷವಾದರೂ ನಿಲ್ಲದಿದ್ದರೆ. ಬೆಳಿಗ್ಗೆ ನೋಡೋಣ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹೋದ ವಾರ ಹಿಂದಿನ ರಸ್ತೆಯ ಪಿಯುಸಿ ಹುಡುಗ ಗೇಟಿನ ಹತ್ತಿರ ನಿಂತು ಕರೆದ. "ಅಕ್ಕ, ಬ್ರೂನೋ ದಿನಾ ನಾನು ಸೈಕಲ್ ಸ್ಟ್ಯಾಂಡ್ ಹಾಕೋ ಶಬ್ದಕ್ಕೇ ಓಡ್ ಬರ್ತಾನೆ. ಮೂರು ದಿನದಿಂದ ನಾನು ಒಳಗೆ ಹೋದ್ಮೇಲೆ ಏಳ್ತಾನೆ. ಊಟ ಮಾಡ್ತಿದಾನೆ. ಆದ್ರೂ ಏನೋ ಸರಿಯಿಲ್ಲ ಅನ್ಸುತ್ತೆ." ನಾನು ಚಪ್ಪಲಿ ಹಾಕಿಕೊಂಡು ಹೊರಟೆ. ಕಿವಿಯೊಳಗೆ ನಾಲ್ಕು ಉಣ್ಣಿ ಹುಳು. ಒಸಡು ಪೂರ್ತಿ ಬೆಳ್ಳಗೇನೂ ಆಗಿರಲಿಲ್ಲ, ಸ್ವಲ್ಪ ಪೇಲವ. ಅವನ ಅಪ್ಪ, "ಊಟ ಮಾಡ್ತಿದೆಯಲ್ಲ, ಇನ್ನೆರಡು ದಿನ ನೋಡೋಣ" ಎಂದರು. ಹುಡುಗ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ರಕ್ತ ಪರೀಕ್ಷೆಯಲ್ಲಿ ಟಿಕ್ ಫೀವರ್, ಅಂದರೆ ಉಣ್ಣಿ ಕಚ್ಚಿ ಬರುವ ಜ್ವರ, ಎಂದು ಬಂತು, ಪ್ಲೇಟ್‌ಲೆಟ್ ಇಳಿದಿತ್ತು. ನಾಲ್ಕು ವಾರ ಮಾತ್ರೆ ಕೊಡಬೇಕು. ಶುರು ಮಾಡಿದ ದಿನವನ್ನು ಅವರ ಮನೆ ಕ್ಯಾಲೆಂಡರ್‌ನಲ್ಲಿ, ಗ್ಯಾಸ್ ಬಂದ ದಿನದ ಕೆಳಗೆ ಬರೆದಿದ್ದಾನೆ.