ಸೀ ಕ್ಲೌಡ್: ಒಂದು ಹಾಯಿಹಡಗಿನ ಹಲವು ಬದುಕು

ಇಂದು ಕೇವಲ 64 ಪ್ರಯಾಣಿಕರನ್ನು ಹೊತ್ತು ಸಾಗುವ ವಿಲಾಸಿ ಹಡಗು ‘ಸೀ ಕ್ಲೌಡ್’ 1931ರಲ್ಲಿ ಜರ್ಮನಿಯ ಕೀಲ್ ನಗರದ ಕ್ರುಪ್ ಹಡಗುಕಟ್ಟೆಯಲ್ಲಿ, ಅಮೆರಿಕದ ಶ್ರೀಮಂತ ದಂಪತಿಗಳಾದ ಇ. ಎಫ್. ಹಟನ್ ಮತ್ತು ಮಾರ್ಜರಿ ಮೆರಿವೆದರ್ ಪೋಸ್ಟ್ ಅವರ ಖಾಸಗಿ ನೌಕೆಯಾಗಿ, ‘ಹುಸ್ಸಾರ್’ ಎಂಬ ಹೆಸರಿನಲ್ಲಿ ನಿರ್ಮಾಣಗೊಂಡಿತು. ನಾಲ್ಕು ಕೂವೆಮರಗಳ ಈ ಹಡಗಿನ ಒಳಾಂಗಣದ ವಿನ್ಯಾಸದಲ್ಲಿ ಮಾರ್ಜರಿಯವರೇ ಆಳವಾಗಿ ತೊಡಗಿಕೊಂಡಿದ್ದರು. ವಿಚ್ಛೇದನದ ನಂತರ ಹಡಗು ಅವರ ಪಾಲಿಗೆ ಬಂದು, ಈಗಿನ ಹೆಸರನ್ನು ಪಡೆಯಿತು.

ಅದರ ಇತಿಹಾಸದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಎರಡನೆಯ ಮಹಾಯುದ್ಧದ ಅಧ್ಯಾಯ. ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಅಮೆರಿಕ ಸರ್ಕಾರದ ವಶಕ್ಕೆ ಬಂದ ಹಡಗು, ಕೂವೆಮರಗಳನ್ನು ಕಳಚಿಕೊಂಡು, ಬೂದುಬಣ್ಣ ಬಳಿಸಿಕೊಂಡು, ಅಟ್ಲಾಂಟಿಕ್ ಸಾಗರದಲ್ಲಿ ಹವಾಮಾನ ವೀಕ್ಷಣೆಗೆ ತೊಡಗಿತು. ಕಪ್ಪುಜನರನ್ನು ಹೆಚ್ಚಾಗಿ ಅಡುಗೆ, ಊಟ ಬಡಿಸುವ ಕೆಲಸಗಳಿಗೇ ಸೀಮಿತಗೊಳಿಸಿದ್ದ ಆ ಕಾಲದಲ್ಲಿ, ಕೋಸ್ಟ್ ಗಾರ್ಡ್ (ಕರಾವಳಿ ರಕ್ಷಣಾ ಪಡೆ) ಅಧಿಕಾರಿ ಕಾರ್ಲ್‌ಟನ್ ಸ್ಕಿನ್ನರ್ ಅವರ ನೇತೃತ್ವದಲ್ಲಿ ಇಲ್ಲಿ ಕಪ್ಪು ಮತ್ತು ಬಿಳಿಯ ನಾವಿಕರು, ಅಧಿಕಾರಿಗಳೂ ಸೇರಿದಂತೆ, ಒಟ್ಟಾಗಿ ದುಡಿದರು. ಸಿರಿವಂತರ ವಿಹಾರಕ್ಕೆಂದು ಕಟ್ಟಿದ ಹಡಗಿಗೆ ಇದಕ್ಕಿಂತ ದೊಡ್ಡ ಗೌರವ ಬೇರೊಂದಿಲ್ಲವೆಂದು ನಾನು ನಂಬುತ್ತೇನೆ.

1955ರಲ್ಲಿ ಅದು ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ರಫಾಯೆಲ್ ತ್ರುಹಿಯೊನ ಕೈಸೇರಿ, ಅವನ ಮಗಳ ಹೆಸರಿನಲ್ಲಿ ‘ಆಂಜೆಲಿತಾ’ ಆಯಿತು. 1961ರಲ್ಲಿ ಅವನ ಹತ್ಯೆಯಾದ ಬಳಿಕ ಒಡೆಯರೂ ಹೆಸರುಗಳೂ ಬದಲಾಗುತ್ತ, ಪನಾಮಾದಲ್ಲಿ ವರ್ಷಗಟ್ಟಲೆ ಪಾಳುಬಿದ್ದಿದ್ದ ಅದನ್ನು 1978ರಲ್ಲಿ ಜರ್ಮನ್ ಹೂಡಿಕೆದಾರರು ಕೊಂಡು ದುರಸ್ತಿ ಮಾಡಿಸಿದರು. ಮರುವರ್ಷವೇ ಅದು ಪ್ರವಾಸಿ ಹಡಗಾಗಿ ಮತ್ತೆ ಕಡಲಿಗಿಳಿಯಿತು. ಅದರ ಹಾಯಿಗಳನ್ನು ನಾವಿಕರು ಇಂದಿಗೂ ಕೈಯಿಂದಲೇ ಬಿಚ್ಚಿ ಕಟ್ಟುತ್ತಾರೆ.