ಹಲಸಿನ ತೊಳೆ

ಬೆಳಿಗ್ಗೆ ಹಲಸಿನ ಹಣ್ಣು ಬಿಡಿಸಲು ಕೂತೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರೂ ಮೊಣಕೈವರೆಗೆ ಮೇಣ. ತೊಳೆ ಎಳೆದರೆ ಹರಿಯುತ್ತಿತ್ತು. ಜೋರಾಗಿ ಎಳೆದಷ್ಟೂ ಜಾಸ್ತಿ ಹರಿಯುತ್ತಿತ್ತು.

ಅಮ್ಮ ಬಂದು ಪಕ್ಕದಲ್ಲಿ ಕೂತರು. "ಎಳೀಬೇಡ ಮಗಾ, ಅದೇ ಬಿಟ್ಟುಕೊಡುತ್ತೆ" ಅಂದರು. ಮೊದಲು ನಡುವಿನ ಗೂಂಜನ್ನು ಕೊಯ್ದು ತೆಗೆದರು. ಆಮೇಲೆ ಹೋಳನ್ನು ಹಿಂದಕ್ಕೆ ಬಾಗಿಸಿದರು, ಅಷ್ಟೇ. ತೊಳೆಗಳು ತಾವಾಗಿಯೇ ಮೇಲೆದ್ದು ನಿಂತವು. ಹೆಬ್ಬೆರಳಲ್ಲಿ ಸುಮ್ನೆ ತಳ್ಳಿದರೆ ಸಾಕು, ಒಂದೊಂದೇ ಪಾತ್ರೆಗೆ ಬೀಳುತ್ತಿತ್ತು.

ಪ್ರಾಚೀನ ಚೀನಾದ ತತ್ವಜ್ಞಾನಿ ಚುವಾಂಗ್ ತ್ಸು ಹೇಳಿದ ಅಡುಗೆಯವನ ಕಥೆ ನೆನಪಾಯಿತು. ಅವನ ಕತ್ತಿಗೆ 19 ವರ್ಷ. ಸಾವಿರಾರು ಎತ್ತು ಕೊಯ್ದರೂ ಅಲಗು ಆಗ ತಾನೇ ಸಾಣೆ ಹಿಡಿದ ಹಾಗಿತ್ತಂತೆ. ಸಾಮಾನ್ಯ ಅಡುಗೆಯವರು ಮೂಳೆಗೆ ಹೊಡೆದು ತಿಂಗಳಿಗೊಂದು ಕತ್ತಿ ಬದಲಿಸುತ್ತಿದ್ದರು. ಇವನ ಕತ್ತಿ ಕೀಲಿನ ಸಂದಿಯಲ್ಲಿ ಜಾರಿಕೊಂಡು ಹೋಗುತ್ತಿತ್ತು. ಹಾಗಂತ ಮೈಮರೆಯುತ್ತಿರಲಿಲ್ಲ. ಕಷ್ಟದ ಗಂಟು ಸಿಕ್ಕಾಗ ನಿಂತು, ನೋಡಿ, ನಿಧಾನಕ್ಕೆ ಕೈ ಆಡಿಸುತ್ತಿದ್ದ. ಚುವಾಂಗ್ ತ್ಸುವಿನ ತಾವೋ ಪಂಥದವರು ಹೇಳುವ 'ವೂ ವೇ', ಅಂದರೆ ಬಲವಂತ ಮಾಡದೆ ಕೆಲಸ ಮಾಡುವುದು, ಇದೇ. ಎಷ್ಟೋ ಸಲ ಓದಿದ್ದೆ. ಇವತ್ತು ಅಮ್ಮನ ಹೆಬ್ಬೆರಳಲ್ಲಿ ಕಂಡೆ.

ನಿನ್ನೆ ರಾತ್ರಿ ಮಗಳಿಗೆ ಲೆಕ್ಕ ಹೇಳಿಕೊಡುವಾಗ ನಾನು ಮಾಡಿದ್ದೂ ಈ ಎಳೆದಾಟವನ್ನೇ ಅಲ್ವಾ? ಪಾಪ, ಅತ್ತು ಮಲಗಿದ್ದಳು.

ಸಂಜೆ ಪುಸ್ತಕ ತೆಗೆಯಲಿಲ್ಲ. ತೊಳೆದಿಟ್ಟ ಹಲಸಿನ ಬೀಜ ಅವಳ ಮುಂದೆ ಸುರಿದೆ. ಸ್ವಲ್ಪ ಹೊತ್ತು ಉರುಳಿಸಿ ಆಡಿದಳು. ಆಮೇಲೆ ತಾನಾಗಿಯೇ ಹತ್ತು ಹತ್ತರ ಗುಡ್ಡೆ ಮಾಡತೊಡಗಿದಳು. ನಾನು ಬಾಯಿ ಬಿಡಲಿಲ್ಲ.

ಒಟ್ಟು 143 ಬೀಜ. ನಾಳೆ ಸಾರು.